370 ಕಿಲೋಮೀಟರ್ ಆಚೆಗಿನ ಕಡಲಿಗೆ ಯಾರು ದಿಕ್ಕು?

ಕಾರವಾರದಿಂದ ಒಂದು ಬೋಟು ನೇರ ಪಶ್ಚಿಮಕ್ಕೆ ಹೊರಟಿದೆ ಅಂದುಕೊಳ್ಳಿ. ಮೊದಲ 22 ಕಿಲೋಮೀಟರ್ ತನಕ ಮೀನುಗಾರಿಕೆಯ ನಿಯಮ ಹೇಳುವುದು ಕರ್ನಾಟಕ ಸರ್ಕಾರ. ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟು ಇಳಿಸಬಾರದು ಎಂದರೆ ಇಳಿಸಬಾರದು. ಅಲ್ಲಿಂದ ಮುಂದೆ ಕೇಂದ್ರ ಸರ್ಕಾರದ ಮಾತು ನಡೆಯುತ್ತದೆ. ದಂಡೆಯಿಂದ, ಲಕ್ಷದ್ವೀಪದಂಥ ದ್ವೀಪಗಳ ದಂಡೆಯನ್ನೂ ಸೇರಿಸಿ, 370 ಕಿಲೋಮೀಟರ್ ಆದಮೇಲೆ ಅದೂ ಮುಗಿಯುತ್ತದೆ. ಹೆಚ್ಚುಕಡಿಮೆ ಬೆಂಗಳೂರಿಂದ ಮಂಗಳೂರಿಗೆ ಬಸ್ಸಲ್ಲಿ ಹೋದಷ್ಟು ದೂರ. ನೀರಿನ ಬಣ್ಣ ಬದಲಾಗುವುದಿಲ್ಲ. ಬೇಲಿ ಇಲ್ಲ, ಕಲ್ಲು ನೆಟ್ಟಿಲ್ಲ, ಬೋರ್ಡೂ ಇಲ್ಲ. ಆದರೆ ಅಲ್ಲಿಂದಾಚೆಯ ಕಡಲು ಯಾವ ದೇಶದ್ದೂ ಅಲ್ಲ.

ಇದನ್ನು ಮುಕ್ತ ಸಾಗರ ಎನ್ನುತ್ತಾರೆ. ಜಗತ್ತಿನ ಸಾಗರದ ಮೂರರಲ್ಲಿ ಸುಮಾರು ಎರಡು ಪಾಲು ಇಂಥದ್ದೇ. ಇಡೀ ಭೂಮಿಯ ಮೇಲ್ಮೈ ಲೆಕ್ಕಕ್ಕೆ ತೆಗೆದುಕೊಂಡರೆ ಅರ್ಧದ ಹತ್ತಿರ ಬರುತ್ತದೆ. ಈ ಅರ್ಧ ಭೂಮಿಯಲ್ಲಿರುವ ಜೀವಿಗಳನ್ನು ಕಾಪಾಡುವುದಕ್ಕೆಂದೇ ಬರೆದ ಮೊದಲ ಜಾಗತಿಕ ಕಾನೂನು 2026ರ ಜನವರಿ 17ರಂದು ಜಾರಿಗೆ ಬಂತು. ಇದರ ಅಧಿಕೃತ ಹೆಸರು ಒಂದೇ ಉಸಿರಲ್ಲಿ ಹೇಳಲಾಗದಷ್ಟು ಉದ್ದ. ದೇಶಗಳ ವ್ಯಾಪ್ತಿಯಾಚೆಗಿನ ಜೀವವೈವಿಧ್ಯ ಎನ್ನುವುದರ ಇಂಗ್ಲಿಷ್ ಮೊದಲಕ್ಷರ ಹಿಡಿದು ಚುಟುಕಾಗಿ ಬಿಬಿಎನ್‌ಜೆ ಒಪ್ಪಂದ ಎನ್ನುತ್ತಾರೆ. ಇಲ್ಲಿ ಮುಕ್ತ ಸಾಗರ ಒಪ್ಪಂದ ಎಂದೇ ಕರೆಯೋಣ.

ಇಷ್ಟು ವರ್ಷ ಇಂಥ ಕಾನೂನು ಇರಲೇ ಇಲ್ವಾ ಎಂದು ಕೇಳಿದರೆ ಉತ್ತರ ಸ್ವಲ್ಪ ವಿಚಿತ್ರ. ಕಾನೂನುಗಳು ಬೇಕಾದಷ್ಟಿದ್ದವು. ಮೀನು ಹಿಡಿಯುವವರಿಗೆ ಒಂದು, ಹಡಗಿನವರಿಗೆ ಒಂದು, ಗಣಿಯವರಿಗೆ ಒಂದು. ಅಲ್ಲೇ ಹುಟ್ಟಿ ಅಲ್ಲೇ ಬದುಕುವ ಜೀವಿಗಳ ಪರವಾಗಿ ಮಾತ್ರ ಯಾವುದೂ ಇರಲಿಲ್ಲ.

## ನೀರಿನ ಮೇಲೆ ಗೆರೆ ಎಳೆದವರು ಯಾರು?

ಸಮುದ್ರಕ್ಕೆ ಯಜಮಾನಿಕೆ ಹೇರಲು ಹೊರಟವರ ಕಥೆ ನಮ್ಮ ಕರಾವಳಿಗೆ ಹೊಸದಲ್ಲ. 16ನೇ ಶತಮಾನದಲ್ಲಿ ಪೋರ್ಚುಗೀಸರು ಅರಬ್ಬಿ ಸಮುದ್ರವನ್ನು ತಮ್ಮದೇ ಜಮೀನು ಎನ್ನುವ ಹಾಗೆ ನಡೆಸಿಕೊಂಡರು. ವ್ಯಾಪಾರದ ಹಡಗು ಹೊರಡಬೇಕಾದರೆ ಅವರಿಂದ ‘ಕರ್ತಾಜ್’ ಎಂಬ ಪರವಾನಗಿ ಚೀಟಿ ತೆಗೆದುಕೊಳ್ಳಬೇಕಿತ್ತು. ಚೀಟಿ ಇಲ್ಲದ ಹಡಗನ್ನು ಹಿಡಿದು ಸರಕು ಕಿತ್ತುಕೊಳ್ಳುತ್ತಿದ್ದರು. ಭಟ್ಕಳ, ಹೊನ್ನಾವರ, ಉಳ್ಳಾಲದಿಂದ ಅಕ್ಕಿ, ಮೆಣಸು ಕಳಿಸುತ್ತಿದ್ದವರಿಗೆ ಇದು ದಿನನಿತ್ಯದ ತಲೆನೋವು.

ಪೋರ್ಚುಗೀಸರ ಈ ಹಿಡಿತದಿಂದ ಡಚ್ಚರಿಗೂ ಸಿಟ್ಟಿತ್ತು. ಅವರ ಪರವಾಗಿ ಹ್ಯೂಗೋ ಗ್ರೋಷಿಯಸ್ ಎಂಬ ವಕೀಲ 1609ರಲ್ಲಿ ಒಂದು ವಾದ ಮುಂದಿಟ್ಟ. ಗಾಳಿಯನ್ನು ಯಾರೂ ಕೊಂಡು ಇಟ್ಟುಕೊಳ್ಳಲಾಗದು, ಕಡಲೂ ಹಾಗೇ, ಅದು ಎಲ್ಲರಿಗೂ ಮುಕ್ತ ಎನ್ನುವುದು ಅದರ ತಿರುಳು. ಕಡಲು ಬಳಸಿದರೆ ಸವೆಯುವುದಿಲ್ಲ, ಮೀನು ಹಿಡಿದರೆ ಮುಗಿಯುವುದಿಲ್ಲ ಎಂದು ನಂಬಿದ್ದ ಕಾಲ ಅದು. ಇಂಜಿನ್ ಬೋಟು, ಕಿಲೋಮೀಟರ್‌ಗಟ್ಟಲೆ ಉದ್ದದ ಬಲೆ, ಮಂಜುಗಡ್ಡೆಯ ಕೋಣೆ ಯಾವುದೂ ಇರಲಿಲ್ಲ.

ದಂಡೆಗೆ ಅಂಟಿಕೊಂಡ ಕಿರಿದಾದ ಪಟ್ಟಿ ಮಾತ್ರ ಆಯಾ ದೇಶದ್ದು, ಉಳಿದದ್ದು ಎಲ್ಲರದ್ದು ಎನ್ನುವ ರೂಢಿ ಬೆಳೆಯಿತು. ಆ ಪಟ್ಟಿ ಎಷ್ಟಗಲ ಎಂದರೆ ದಂಡೆಯಿಂದ ಹಾರಿಸಿದ ಫಿರಂಗಿ ಗುಂಡು ಬೀಳುವಷ್ಟು. ತಮಾಷೆಯಲ್ಲ, ಅಳತೆಯೇ ಅದು. ಮುಂದೆ 3 ನಾಟಿಕಲ್ ಮೈಲು ಎಂದು ರೂಢಿಯಾಯಿತು. ಒಂದು ನಾಟಿಕಲ್ ಮೈಲು ಎಂದರೆ 1.852 ಕಿಲೋಮೀಟರ್.

ಈಗಿನ ಗೆರೆಗಳು 1982ರ ಡಿಸೆಂಬರ್‌ನಲ್ಲಿ ಜಮೈಕಾದಲ್ಲಿ ಸಹಿಯಾದ ವಿಶ್ವಸಂಸ್ಥೆಯ ಸಮುದ್ರ ಕಾನೂನಿನವು. ಇದನ್ನು ಕಡಲಿನ ಸಂವಿಧಾನ ಎಂದೇ ಕರೆಯುತ್ತಾರೆ. ಮೊದಲ 12 ನಾಟಿಕಲ್ ಮೈಲು ಪ್ರಾದೇಶಿಕ ಸಮುದ್ರ, ಅಲ್ಲಿ ದೇಶದ ಪೂರ್ತಿ ಅಧಿಕಾರ. 200 ನಾಟಿಕಲ್ ಮೈಲು ತನಕ ವಿಶೇಷ ಆರ್ಥಿಕ ವಲಯ. ಅಲ್ಲಿ ಬೇರೆ ದೇಶದ ಹಡಗು ಓಡಾಡಬಹುದು, ಆದರೆ ಮೀನು, ತೈಲ, ಖನಿಜದ ಹಕ್ಕು ದಂಡೆಯ ದೇಶದ್ದು. ಅದರಾಚೆ ಮುಕ್ತ ಸಾಗರ.

ಇಲ್ಲೊಂದು ಸಿಕ್ಕು ಇದೆ. ಈ ಕಾನೂನು ಮುಕ್ತ ಸಾಗರದ ನೀರಿಗೆ ಒಂದು ನಿಯಮ, ನೆಲಕ್ಕೆ ಇನ್ನೊಂದು ನಿಯಮ ಮಾಡಿತು. ನೀರು ಹಳೆಯ ಪದ್ಧತಿಯಂತೆ ಮುಕ್ತ, ಯಾರು ಬೇಕಾದರೂ ಬಳಸಬಹುದು. ಕೆಳಗಿನ ನೆಲದ ಖನಿಜ ಮಾತ್ರ ಇಡೀ ಮನುಕುಲದ ಸಾಮಾನ್ಯ ಆಸ್ತಿ. ಅದನ್ನು ಮುಟ್ಟಬೇಕಾದರೆ ಜಮೈಕಾದ ಕಿಂಗ್‌ಸ್ಟನ್‌ನಲ್ಲಿರುವ ಅಂತಾರಾಷ್ಟ್ರೀಯ ಸಾಗರತಳ ಪ್ರಾಧಿಕಾರವನ್ನು ಕೇಳಬೇಕು. ಹೊಲ ಒಂದೇ, ಮಣ್ಣಿಗೆ ಒಂದು ಪಹಣಿ, ಬೆಳೆಗೆ ಇನ್ನೊಂದು ಎಂದ ಹಾಗೆ. ಆ ನೆಲಕ್ಕೆ ಅಂಟಿಕೊಂಡು ಬದುಕುವ ಹುಳ, ನೀರಲ್ಲಿ ತೇಲುವ ಸೂಕ್ಷ್ಮಜೀವಿ ಯಾವ ಲೆಕ್ಕಕ್ಕೆ? 1982ರಲ್ಲಿ ಅದನ್ನು ಯಾರೂ ಸರಿಯಾಗಿ ಬಿಡಿಸಿ ಬರೆಯಲಿಲ್ಲ.

## ಊರ ಗೋಮಾಳ ಮತ್ತು ಬಾಡಿಗೆ ಬಾವುಟ

ಹಳ್ಳಿಯಲ್ಲಿ ಬೆಳೆದವರಿಗೆ ಗೋಮಾಳ ಗೊತ್ತಿರುತ್ತದೆ. ಊರ ದನ ಮೇಯಲು ಬಿಟ್ಟ ಜಾಗ, ಯಾರ ಹೆಸರಲ್ಲೂ ಇಲ್ಲ. ಹತ್ತು ದನ ಇದ್ದವನು ಹತ್ತು ಬಿಡುತ್ತಾನೆ, ನೂರು ಇದ್ದವನು ನೂರು ಬಿಡುತ್ತಾನೆ. ಹುಲ್ಲು ಖಾಲಿಯಾದರೆ ನಷ್ಟ ಎಲ್ಲರಿಗೂ ಹಂಚಿಹೋಗುತ್ತದೆ, ಲಾಭ ಮಾತ್ರ ಜಾಸ್ತಿ ದನ ಇದ್ದವನಿಗೆ. ಮುಕ್ತ ಸಾಗರದ ಮೀನುಗಾರಿಕೆ ಬಹುಪಾಲು ಹೀಗೇ ನಡೆದಿದೆ. ಅಲ್ಲಿ ನೂರು ದನ ಬಿಡಬಲ್ಲವರು ಕೆಲವೇ ದೇಶಗಳು. ಚೀನಾ, ತೈವಾನ್, ಜಪಾನ್, ದಕ್ಷಿಣ ಕೊರಿಯಾ, ಇಂಡೋನೇಷ್ಯಾ, ಸ್ಪೇನ್ ಇವುಗಳ ಹಡಗುಗಳದ್ದೇ ದೊಡ್ಡ ಪಾಲು. 2018ರ ಒಂದು ಅಧ್ಯಯನದ ಪ್ರಕಾರ ಸರ್ಕಾರದ ಸಬ್ಸಿಡಿ ಇಲ್ಲದಿದ್ದರೆ ಅರ್ಧಕ್ಕಿಂತ ಹೆಚ್ಚಿನ ಜಾಗದಲ್ಲಿ ಈ ಮೀನುಗಾರಿಕೆಯಲ್ಲಿ ಲಾಭವೇ ಗಿಟ್ಟುವುದಿಲ್ಲ. ಅಂದರೆ ಗೋಮಾಳ ಬೋಳು ಮಾಡಲು ಸರ್ಕಾರವೇ ಹಣ ಕೊಟ್ಟ ಹಾಗೆ.

ಆದರೆ ಗೋಮಾಳಕ್ಕೂ ಮುಕ್ತ ಸಾಗರಕ್ಕೂ ಒಂದು ವ್ಯತ್ಯಾಸ ಇದೆ. ಗೋಮಾಳ ಒತ್ತುವರಿಯಾದರೆ ತಹಶೀಲ್ದಾರರ ಹತ್ತಿರ ಹೋಗಬಹುದು. ಮುಕ್ತ ಸಾಗರದಲ್ಲಿ ತಹಶೀಲ್ದಾರ ಇಲ್ಲ. ಅಲ್ಲಿ ಒಂದು ಹಡಗಿನ ಮೇಲೆ ಅಧಿಕಾರ ಇರುವುದು ಅದು ಯಾವ ದೇಶದ ಬಾವುಟ ಹಾರಿಸುತ್ತದೋ ಆ ದೇಶಕ್ಕೆ. ಹಡಗಿನ ಮಾಲೀಕ ಎಲ್ಲಿಯವನೋ, ಕ್ಯಾಪ್ಟನ್ ಎಲ್ಲಿಯವನೋ ಎನ್ನುವುದು ಲೆಕ್ಕಕ್ಕಿಲ್ಲ. ಪನಾಮ, ಲೈಬೀರಿಯಾ, ಮಾರ್ಷಲ್ ದ್ವೀಪಗಳಂಥ ದೇಶಗಳು ಫೀಸು ತೆಗೆದುಕೊಂಡು ಹೊರಗಿನವರ ಹಡಗನ್ನೂ ತಮ್ಮಲ್ಲಿ ನೋಂದಾಯಿಸುತ್ತವೆ. ಬೇರೆ ರಾಜ್ಯದ ನಂಬರ್ ಪ್ಲೇಟ್ ಹಾಕಿಕೊಂಡು ಬೆಂಗಳೂರಲ್ಲಿ ಓಡಾಡುವ ಕಾರಿನ ಹಾಗೆ. ವ್ಯತ್ಯಾಸ ಇಷ್ಟೇ, ಇಲ್ಲಿ ಟ್ರಾಫಿಕ್ ಪೊಲೀಸ್ ಕೈ ಅಡ್ಡ ಹಾಕಬಹುದು, ಅಲ್ಲಿ ಆ ದೂರದ ರಾಜ್ಯದ ಪೊಲೀಸೇ ಬರಬೇಕು.

2025ರ ಮೇ 25ರಂದು ಕೊಚ್ಚಿಯ ಆಚೆ ಮುಳುಗಿದ ಎಂಎಸ್‌ಸಿ ಎಲ್ಸಾ 3 ಹಡಗು ನೆನಪಿರಬಹುದು. ಅದರಲ್ಲಿ 640 ಕಂಟೇನರ್ ಇದ್ದವು. ಸಣ್ಣ ಸಣ್ಣ ಪ್ಲಾಸ್ಟಿಕ್ ಕಾಳುಗಳು ಕೇರಳದ ದಂಡೆಗೆ ಬಂದು ಬಿದ್ದವು. ಆ ಹಡಗಿನ ಮೇಲೆ ಹಾರುತ್ತಿದ್ದದ್ದು ಲೈಬೀರಿಯಾದ ಬಾವುಟ. ಅದು ನಮ್ಮ ವ್ಯಾಪ್ತಿಯಲ್ಲಿ ಮುಳುಗಿದ್ದರಿಂದ ಇಲ್ಲಿಯ ಕೋರ್ಟುಗಳು ಕೈ ಹಾಕಲು ಸಾಧ್ಯವಾಯಿತು. ಮುಕ್ತ ಸಾಗರದಲ್ಲಿ ಹೋಗುವ ಹಡಗಿನ ಮೇಲೆ ಮೊದಲ ಅಧಿಕಾರ ಬಾವುಟದ ದೇಶದ್ದೇ.

ಹಾಗಂತ ಅಲ್ಲಿ ಯಾವ ಮೇಲ್ವಿಚಾರಣೆಯೂ ಇರಲಿಲ್ಲ ಎಂದರೆ ತಪ್ಪಾಗುತ್ತದೆ. ಹಡಗು ಮತ್ತು ಅದರ ಮಾಲಿನ್ಯ ನೋಡಿಕೊಳ್ಳಲು ಲಂಡನ್ನಿನ ಅಂತಾರಾಷ್ಟ್ರೀಯ ಕಡಲ ಸಂಸ್ಥೆ ಇದೆ. ಹಿಂದೂ ಮಹಾಸಾಗರದ ಟ್ಯೂನಾ ಮೀನಿಗೆ ಸೀಶೆಲ್ಸ್‌ನಲ್ಲಿ ಒಂದು ಆಯೋಗ ಇದೆ. ತಿಮಿಂಗಿಲಕ್ಕೆ 1946ರಿಂದ ಒಂದು ಒಪ್ಪಂದ ಇದೆ. ತೊಂದರೆ ಏನೆಂದರೆ ಒಬ್ಬರ ಫೈಲು ಇನ್ನೊಬ್ಬರ ಟೇಬಲಿಗೆ ಹೋಗುವುದಿಲ್ಲ. ಜಲಮಂಡಳಿ ರಸ್ತೆ ಅಗೆಯುತ್ತದೆ, ಪಾಲಿಕೆ ಟಾರು ಹಾಕುತ್ತದೆ, ಮಾರನೇ ವಾರ ಕೇಬಲ್ ಕಂಪನಿ ಮತ್ತೆ ಅಗೆಯುತ್ತದೆ, ಅಲ್ವಾ? ಹಾಗೇ. ಟ್ಯೂನಾ ಆಯೋಗ ಒಂದು ಜಾಗದಲ್ಲಿ ಮೀನು ಹಿಡಿಯಬೇಡಿ ಎನ್ನಬಹುದು. ಅಲ್ಲಿ ಹಡಗು ಬರಬೇಡಿ, ನೆಲ ಅಗೆಯಬೇಡಿ ಎನ್ನುವ ಅಧಿಕಾರ ಅದಕ್ಕಿಲ್ಲ.

## ಅಲ್ಲಿ ಇರುವುದಾದರೂ ಏನು?

ನಡುಗಡಲು ಎಂದರೆ ಬರೀ ಉಪ್ಪುನೀರು ಎನ್ನುವ ಭಾವನೆ ನಮ್ಮಲ್ಲಿ ಅನೇಕರಿಗೆ ಇದೆ. ಅಲ್ಲಿ ದಿನವೂ ಒಂದು ಜಾತ್ರೆ ನಡೆಯುತ್ತದೆ. ಸಂಜೆ ಕತ್ತಲಾಗುತ್ತಿದ್ದಂತೆ ನೂರಾರು ಮೀಟರ್ ಆಳದಿಂದ ಲೆಕ್ಕವಿಲ್ಲದಷ್ಟು ಸಣ್ಣ ಮೀನು, ಸೀಗಡಿ ಜಾತಿಯ ಜೀವಿಗಳು, ಬೊಂಡಾಸ್‌ಗಳು (ಸ್ಕ್ವಿಡ್) ಮೇಲಕ್ಕೆ ಏರಿ ಬರುತ್ತವೆ. ರಾತ್ರಿಯಿಡೀ ಮೇಯುತ್ತವೆ. ಬೆಳಗಾಗುವ ಮೊದಲು ಮತ್ತೆ ಕತ್ತಲೆಯ ಆಳಕ್ಕೆ ಇಳಿಯುತ್ತವೆ. ಭೂಮಿಯ ಮೇಲೆ ನಡೆಯುವ ಅತಿ ದೊಡ್ಡ ವಲಸೆ ಇದು. ಮೇಲೆ ತಿಂದ ಇಂಗಾಲವನ್ನು ಇವು ಆಳಕ್ಕೆ ಒಯ್ಯುತ್ತವೆ. ನಾವು ಉಗುಳುವ ಕಾರ್ಬನ್ ಡೈ ಆಕ್ಸೈಡಿನ ಸುಮಾರು ಕಾಲು ಭಾಗವನ್ನು ಸಮುದ್ರ ಹೀರಿಕೊಳ್ಳುವುದರಲ್ಲಿ ಇಂಥ ಜೀವಿಗಳ ಪಾಲೂ ಇದೆ.

ಇನ್ನೊಂದು ಕಥೆ ಬೆಂಗಳೂರಿಗೆ ಸೇರಿದ್ದು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಲಿಟಲ್ ಅಂಡಮಾನ್ ದ್ವೀಪದಲ್ಲಿ ಮೊಟ್ಟೆ ಇಡಲು ಬರುವ ಲೆದರ್‌ಬ್ಯಾಕ್ ಆಮೆಗಳ ಬೆನ್ನಿಗೆ ಉಪಗ್ರಹಕ್ಕೆ ಸಂಕೇತ ಕಳಿಸುವ ಸಣ್ಣ ಯಂತ್ರ ಕಟ್ಟಿ ಬಿಟ್ಟರು. ಇವು ಜಗತ್ತಿನ ಅತಿ ದೊಡ್ಡ ಆಮೆಗಳು. ಗಟ್ಟಿ ಚಿಪ್ಪಿನ ಬದಲು ತೊಗಲಿನಂಥ ಬೆನ್ನು. ಮೊಟ್ಟೆ ಇಟ್ಟ ಮೇಲೆ ಕೆಲವು ಆಗ್ನೇಯಕ್ಕೆ ಹೊರಟು ಆಸ್ಟ್ರೇಲಿಯಾದ ಪಶ್ಚಿಮ ದಿಕ್ಕಿಗೆ ಹೋದವು. ಇನ್ನು ಕೆಲವು ಇಡೀ ಹಿಂದೂ ಮಹಾಸಾಗರವನ್ನೇ ಅಡ್ಡ ದಾಟಿ ಆಫ್ರಿಕಾದ ಕಡೆಗೆ ಹೋದವು. ಒಂದು ಆಮೆ ಒಂಬತ್ತು ತಿಂಗಳೊಳಗೆ 13 ಸಾವಿರ ಕಿಲೋಮೀಟರ್‌ಗೂ ಜಾಸ್ತಿ ಈಜಿ ಮೊಜಾಂಬಿಕ್ ಬಳಿ ತಲುಪಿತು.

ಈ ಆಮೆ ಅಂಡಮಾನಿನ ಮರಳಿನ ಮೇಲೆ ಇರುವಾಗ ಭಾರತದ ವನ್ಯಜೀವಿ ಕಾಯ್ದೆ ಅದನ್ನು ಕಾಯುತ್ತದೆ. ಮೊಟ್ಟೆಗೆ ಕಾವಲು ಇರುತ್ತದೆ. ಅಲ್ಲಿಂದ 370 ಕಿಲೋಮೀಟರ್ ಈಜಿದ ಮೇಲೆ ಅದು ಯಾರ ಆಮೆಯೂ ಅಲ್ಲ. ಉದ್ದ ಗಾಳದ ಸಾಲಿಗೆ ಸಿಕ್ಕಿ ಸತ್ತರೆ ಕೇಳುವವರಿಲ್ಲ. ಮೊಟ್ಟೆ ಕಾಯಲು ನಾವು ಪಟ್ಟ ಶ್ರಮ ನಡುಗಡಲಲ್ಲಿ ಪೋಲಾಗುತ್ತದೆ.

ಸಾಗರದ ತಳದಲ್ಲಿ ಮತ್ತೊಂದು ಲೋಕ ಇದೆ. ನೆಲದ ಬಿರುಕಿಂದ 300 ಡಿಗ್ರಿಗೂ ಬಿಸಿಯಾದ ಖನಿಜದ ನೀರು ಚಿಮ್ಮುವ ಬುಗ್ಗೆಗಳಿವೆ. ಹಿಂದೂ ಮಹಾಸಾಗರದ ನಡುವೆ, ಎರಡು ಕಿಲೋಮೀಟರ್‌ಗೂ ಜಾಸ್ತಿ ಆಳದಲ್ಲಿ ಇಂಥ ಒಂದು ಬುಗ್ಗೆಯ ಬಳಿ 2001ರಲ್ಲಿ ಒಂದು ಬಸವನಹುಳು ಸಿಕ್ಕಿತು. ಅದರ ಕಾಲಿಗೆ ಹೆಂಚು ಹೊದಿಸಿದಂತೆ ಹುರುಪೆಗಳು, ಆ ಹುರುಪೆಯ ಮೇಲೂ ಚಿಪ್ಪಿನ ಮೇಲೂ ಕಬ್ಬಿಣದ ಸಲ್ಫೈಡಿನ ಲೇಪ. ಮೈಗೆ ಕಬ್ಬಿಣ ತೊಟ್ಟ ಬೇರೆ ಪ್ರಾಣಿ ಗೊತ್ತಿಲ್ಲ. ಅದು ಮೇಯುವುದೂ ಇಲ್ಲ, ಅನ್ನನಾಳದ ಗ್ರಂಥಿಯೊಂದರಲ್ಲಿ ಸಾಕಿಕೊಂಡ ಬ್ಯಾಕ್ಟೀರಿಯಾಗಳೇ ಅದಕ್ಕೆ ಊಟ ಕೊಡುತ್ತವೆ. 2019ರಲ್ಲಿ ಇದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದರು. ಆಳಸಮುದ್ರ ಗಣಿಗಾರಿಕೆಯ ಭಯದಿಂದ ಆ ಪಟ್ಟಿಗೆ ಸೇರಿದ ಮೊದಲ ಜೀವಿ ಇದೇ. ಗಣಿ ಇನ್ನೂ ಶುರುವಾಗಿಲ್ಲ ಎನ್ನುವುದು ಬೇರೆ ಮಾತು. ಈ ಹುಳು ಇರುವ ಬುಗ್ಗೆಗಳು ಅಷ್ಟು ಕಡಿಮೆ, ಅಷ್ಟು ಚಿಕ್ಕವು.

## ಇಪ್ಪತ್ತು ವರ್ಷದ ಮಾತುಕತೆ

2004ರಲ್ಲಿ ವಿಶ್ವಸಂಸ್ಥೆ ಒಂದು ಕಾರ್ಯತಂಡ ಮಾಡಿತು. ಮಾತು, ಮತ್ತೆ ಮಾತು. ಒಪ್ಪಂದ ಬರೆಯುವ ನಿಜವಾದ ಸಭೆಗಳು 2018ರಲ್ಲಿ ಶುರುವಾದವು. ನಡುವೆ ಕೋವಿಡ್. ಕೊನೆಗೆ 2023ರ ಮಾರ್ಚ್ 4ರ ರಾತ್ರಿ ನ್ಯೂಯಾರ್ಕ್‌ನಲ್ಲಿ, ಹಗಲು ರಾತ್ರಿ ಎನ್ನದೆ ನಡೆದ ಕೊನೆಯ ಸುತ್ತಿನ ನಂತರ ಅಧ್ಯಕ್ಷೆ, ಸಿಂಗಪುರದ ರೆನಾ ಲೀ, ‘ಹಡಗು ದಡ ಮುಟ್ಟಿದೆ’ ಎಂದರು. ಅದೇ ವರ್ಷ ಜೂನ್ 19ರಂದು ಅಂಗೀಕಾರವಾಯಿತು. 60 ದೇಶಗಳು ಅನುಮೋದಿಸಿ 120 ದಿನ ಕಳೆದ ಮೇಲೆ ಜಾರಿ ಎನ್ನುವುದು ಷರತ್ತು. ಮೊದಲು ಅನುಮೋದಿಸಿದ್ದು ಶಾಂತಸಾಗರದ ಪುಟ್ಟ ದೇಶ ಪಲಾವ್. 60ರ ಗಡಿ ದಾಟಿದ್ದು 2025ರ ಸೆಪ್ಟೆಂಬರ್ 19ರಂದು.

ಇಷ್ಟು ವರ್ಷ ಹಿಡಿದದ್ದಕ್ಕೆ ದೊಡ್ಡ ಕಾರಣ ಹಣ. ಅದು ಮೀನಿನ ಹಣವಲ್ಲ, ಜೀನ್‌ನ ಹಣ.

## ಒಂದು ಹನಿ ನೀರಿನ ಪೇಟೆಂಟ್

ವಿಪರೀತ ಬಿಸಿ, ವಿಪರೀತ ಒತ್ತಡ, ಕತ್ತಲೆಯಲ್ಲಿ ಬದುಕುವ ಜೀವಿಗಳ ಮೈಯಲ್ಲಿ ವಿಶೇಷ ರಾಸಾಯನಿಕಗಳು ಇರುತ್ತವೆ. ಔಷಧಿ, ಸೌಂದರ್ಯವರ್ಧಕ, ಕೈಗಾರಿಕೆಯ ಕಿಣ್ವಗಳಿಗೆ ಇವು ಬೇಕು. ಲ್ಯುಕೇಮಿಯಾಗೆ ಇವತ್ತಿಗೂ ಕೊಡುವ ಸೈಟರಾಬೈನ್ ಔಷಧಿಗೆ ದಾರಿ ತೋರಿಸಿದ್ದು ಕೆರೀಬಿಯನ್ ಸಮುದ್ರದ ಒಂದು ಸ್ಪಂಜು. ಅದು ದಂಡೆಯ ಹತ್ತಿರದ್ದು, ನಿಜ. ಆದರೆ ಕಡಲಲ್ಲಿ ಏನೇನು ಅಡಗಿರಬಹುದು ಎನ್ನುವುದಕ್ಕೆ ಉದಾಹರಣೆ ಸಾಕು.

2018ರಲ್ಲಿ ಸಂಶೋಧಕರು ಜಗತ್ತಿನ ಪೇಟೆಂಟ್‌ಗಳನ್ನು ಜಾಲಾಡಿದರು. 862 ಸಮುದ್ರ ಜೀವಿಗಳ ಸುಮಾರು 13 ಸಾವಿರ ಜೀನ್ ಸರಣಿಗಳ ಮೇಲೆ ಪೇಟೆಂಟ್ ಅರ್ಜಿ ಇತ್ತು. ಅದರಲ್ಲಿ ಶೇ 47ರಷ್ಟು ಜರ್ಮನಿಯ ಒಂದೇ ಕಂಪನಿಯ ಹೆಸರಲ್ಲಿ. ಹತ್ತು ದೇಶಗಳನ್ನು ಸೇರಿಸಿದರೆ ಶೇ 98. ಯಾರಿಗೂ ಸೇರದ ಕಡಲಿನಿಂದ ಯಾರೋ ಒಂದು ಬಾಟಲಿ ನೀರು ತುಂಬಿಕೊಂಡು ಹೋಗಿ ಕೋಟಿಗಟ್ಟಲೆ ಗಳಿಸಿದರೆ ಉಳಿದವರಿಗೆ ಪಾಲು ಬೇಡ್ವಾ ಎಂದು ಬಡ ದೇಶಗಳು ಕೇಳಿದವು. ಹಡಗು ಕಳಿಸಿದ್ದು ನಾವು, ಸಂಶೋಧನೆ ಮಾಡಿದ್ದು ನಾವು, ಮುಕ್ತ ಸಾಗರ ಎಂದರೆ ಮುಕ್ತವೇ ಎಂದವು ಶ್ರೀಮಂತ ದೇಶಗಳು. ಗ್ರೋಷಿಯಸ್‌ನ ಹಳೆಯ ವಾದವೇ ಹೊಸ ಅಂಗಿ ತೊಟ್ಟು ಬಂದಿತ್ತು.

ಕೊನೆಗೆ ಮಧ್ಯದ ದಾರಿ ಹಿಡಿದರು. ಮುಕ್ತ ಸಾಗರದಿಂದ ಮಾದರಿ ತರುವವರು ಆರು ತಿಂಗಳು ಮೊದಲೇ ತಿಳಿಸಬೇಕು. ತಂದ ಪ್ರತಿ ಕಂತಿಗೂ ಒಂದು ಗುರುತಿನ ಸಂಖ್ಯೆ ಸಿಗುತ್ತದೆ. ಆ ಮಾದರಿಯಿಂದ ಮುಂದೆ ಏನೇ ಆಗಲಿ, ಲೇಖನ ಬರಲಿ, ಪೇಟೆಂಟ್ ಆಗಲಿ, ಸಂಖ್ಯೆಯ ಜಾಡು ಹಿಡಿದು ಹೋಗಬಹುದು. ಮಾದರಿಯಿಂದ ತೆಗೆದು ಕಂಪ್ಯೂಟರಿಗೆ ಏರಿಸಿದ ಜೀನ್ ಮಾಹಿತಿಗೂ ಇದೇ ನಿಯಮ. ಈಗ ಬಾಟಲಿ ಸಾಗಿಸಬೇಕಾಗಿಲ್ಲ, ಇಮೇಲ್ ಸಾಕು, ಹಾಗಾಗಿ ಈ ಸೇರ್ಪಡೆ ದೊಡ್ಡದು. ಮುಂದುವರಿದ ದೇಶಗಳು ಪ್ರತಿ ವರ್ಷ ಒಂದು ನಿಧಿಗೆ ಹಣ ಹಾಕಬೇಕು. ಲಾಭದ ಪಾಲು ಎಷ್ಟು, ಹೇಗೆ ಎನ್ನುವುದನ್ನು ಸದಸ್ಯ ದೇಶಗಳ ಸಭೆ ಮುಂದೆ ತೀರ್ಮಾನಿಸಬೇಕು. ಹಂಚುವುದು ಎಂದಾಯಿತು, ಎಷ್ಟು ಎನ್ನುವುದು ಬಾಕಿ.

## ಕಡಲಲ್ಲಿ ಒಂದು ದೇವರಕಾಡು

ಕೊಡಗಿನ ದೇವರಕಾಡು ನೋಡಿದವರಿಗೆ ಸಮುದ್ರ ಸಂರಕ್ಷಿತ ಪ್ರದೇಶ ಅರ್ಥ ಮಾಡಿಕೊಳ್ಳುವುದು ಸುಲಭ. ಸುತ್ತ ತೋಟ ಇರಲಿ, ಗದ್ದೆ ಇರಲಿ, ಈ ಒಂದು ತುಂಡಿನಲ್ಲಿ ಕತ್ತಿ ಆಡಿಸುವಂತಿಲ್ಲ. ಅಲ್ಲಿ ಬೆಳೆದ ಹಕ್ಕಿ, ಬೀಜ ಸುತ್ತಲಿಗೂ ಹರಡುತ್ತದೆ. ಕಡಲಲ್ಲೂ ಮೀನು ಮರಿ ಮಾಡುವ ಜಾಗ, ಆಮೆ ಹಾಯುವ ದಾರಿ, ಬುಗ್ಗೆ, ನೀರೊಳಗಿನ ಬೆಟ್ಟ ಇಂಥವನ್ನು ಹಾಗೇ ಬಿಡುವುದು. 2022ರ ಡಿಸೆಂಬರ್‌ನಲ್ಲಿ ಜಗತ್ತಿನ ದೇಶಗಳು 2030ರೊಳಗೆ ನೆಲ, ಕಡಲು ಎರಡರಲ್ಲೂ ಶೇ 30ರಷ್ಟನ್ನು ಕಾಪಾಡುತ್ತೇವೆ ಎಂದು ಮಾತು ಕೊಟ್ಟಿವೆ. ಮುಕ್ತ ಸಾಗರದಲ್ಲಿ ಗಟ್ಟಿಯಾಗಿ ಕಾಪಾಡಿರುವುದು ಸದ್ಯ ಶೇ 1ರ ಆಸುಪಾಸು. ಮುಕ್ತ ಸಾಗರಕ್ಕೆ ಕೈ ಹಚ್ಚದೆ ಆ ಲೆಕ್ಕ ಕೂಡುವುದಿಲ್ಲ.

ಹೊಸ ಒಪ್ಪಂದದ ಅಡಿಯಲ್ಲಿ ಇದು ಹೇಗೆ ನಡೆಯುತ್ತದೆ ಎಂದು ನೋಡಲು ನಮ್ಮದೇ ಮಹಾಸಾಗರದ ಒಂದು ಜಾಗ ತೆಗೆದುಕೊಳ್ಳೋಣ. ಸೀಶೆಲ್ಸ್ ಮತ್ತು ಮಾರಿಷಸ್ ನಡುವೆ ಸಾಯಾ ಡಿ ಮಾಲಾ ಎಂಬ ಮುಳುಗಿದ ದಿಬ್ಬ ಇದೆ. ಪೋರ್ಚುಗೀಸ್ ನಾವಿಕರು ಇಟ್ಟ ಹೆಸರು, ಬಲೆಯ ಲಂಗ ಎಂದು ಅರ್ಥ. ಸುತ್ತ ಸಾವಿರಾರು ಮೀಟರ್ ಆಳ, ಇಲ್ಲಿ ಮಾತ್ರ ಕೆಲವೆಡೆ ಹತ್ತಿಪ್ಪತ್ತು ಮೀಟರ್ ಅಷ್ಟೇ. ಬಿಸಿಲು ತಳ ಮುಟ್ಟುವುದರಿಂದ ನಡುಗಡಲಲ್ಲಿ ವಿಶಾಲವಾದ ಹುಲ್ಲುಗಾವಲು ಬೆಳೆದಿದೆ. ಜಗತ್ತಿನ ಅತಿ ದೊಡ್ಡ ಸಮುದ್ರ ಹುಲ್ಲುಗಾವಲುಗಳಲ್ಲಿ ಇದೂ ಒಂದು. ಹತ್ತಿರದಲ್ಲಿ ಊರಿಲ್ಲ, ಮೀನುಗಾರಿಕೆ ಹಡಗುಗಳು ಮಾತ್ರ ಬರುತ್ತವೆ.

ಇದನ್ನು ಕಾಪಾಡಬೇಕು ಎಂದು ಒಂದು ಸದಸ್ಯ ದೇಶ ಅಥವಾ ಹಲವು ಸೇರಿ ಪ್ರಸ್ತಾವ ಕೊಡಬೇಕು. ಎಲ್ಲಿಂದ ಎಲ್ಲಿಗೆ, ಯಾಕೆ, ಏನೇನು ನಿಷೇಧ, ಎಷ್ಟು ವರ್ಷ ಎಲ್ಲ ಬರೆದಿರಬೇಕು. ವಿಜ್ಞಾನಿಗಳ ಮಂಡಳಿ ಅದನ್ನು ನೋಡುತ್ತದೆ. ಪಕ್ಕದ ದೇಶ, ಟ್ಯೂನಾ ಆಯೋಗ, ಸಾಗರತಳ ಪ್ರಾಧಿಕಾರ, ಮೀನುಗಾರರು, ಸಂಘಟನೆಗಳು, ಎಲ್ಲರ ಮಾತೂ ಕೇಳಬೇಕು. ತಿದ್ದಿದ ಪ್ರಸ್ತಾವ ಸದಸ್ಯ ದೇಶಗಳ ಸಭೆಗೆ ಹೋಗುತ್ತದೆ. ಒಮ್ಮತಕ್ಕೆ ಪ್ರಯತ್ನ ಮಾಡಬೇಕು. ಆಗದಿದ್ದರೆ ಮತಕ್ಕೆ ಹಾಕಿ ಮುಕ್ಕಾಲು ಪಾಲು ಬಹುಮತದಿಂದ ತೀರ್ಮಾನ.

ಈ ಮುಕ್ಕಾಲು ಎನ್ನುವ ಪದದ ಹಿಂದೆ ಒಂದು ಕಹಿ ಅನುಭವ ಇದೆ. ಅಂಟಾರ್ಕ್ಟಿಕಾದ ಸುತ್ತಲಿನ ಕಡಲು ನೋಡಿಕೊಳ್ಳುವ ಆಯೋಗದಲ್ಲಿ ಪ್ರತಿಯೊಬ್ಬರೂ ಒಪ್ಪಲೇಬೇಕು. 2016ರಲ್ಲಿ ಹೇಗೋ ಎಲ್ಲರೂ ಒಪ್ಪಿ ರಾಸ್ ಸಮುದ್ರದಲ್ಲಿ ಸುಮಾರು 15.5 ಲಕ್ಷ ಚದರ ಕಿಲೋಮೀಟರ್ ಪ್ರದೇಶವನ್ನು ಕಾಪಾಡಿದರು. ಎಂಟು ಕರ್ನಾಟಕದಷ್ಟು ಜಾಗ. ಅದಾದ ಮೇಲೆ ಬಂದ ಪ್ರಸ್ತಾವಗಳು ಚೀನಾ ಮತ್ತು ರಷ್ಯಾ ತಲೆಯಾಡಿಸದೆ ವರ್ಷಗಳಿಂದ ನಿಂತಿವೆ. ಒಬ್ಬರು ಬೇಡ ಎಂದರೂ ಪಂಚಾಯಿತಿ ಎದ್ದುಹೋಗುವ ಆ ಪದ್ಧತಿ ಹೊಸ ಒಪ್ಪಂದದಲ್ಲಿ ಇಲ್ಲ. ಆದರೆ ಇಲ್ಲೂ ಒಂದು ಕಿಂಡಿ ಬಿಟ್ಟಿದ್ದಾರೆ. ಒಪ್ಪದ ದೇಶ 120 ದಿನದೊಳಗೆ ಕಾರಣ ಬರೆದು ಆಕ್ಷೇಪಿಸಿದರೆ ಆ ತೀರ್ಮಾನ ಅದಕ್ಕೆ ಅಂಟುವುದಿಲ್ಲ.

ಸಾಯಾ ಡಿ ಮಾಲಾಕ್ಕೆ ಇನ್ನೊಂದು ತೊಡಕು ಇದೆ. ಅಲ್ಲಿಯ ತಳವನ್ನು ಈ ದೇಶಗಳ ನೆಲವೇ ನೀರೊಳಗೆ ಚಾಚಿಕೊಂಡದ್ದು ಎಂದು ಲೆಕ್ಕ ಹಾಕಿರುವುದರಿಂದ ಅದು ಮನುಕುಲದ ಆಸ್ತಿಯಲ್ಲ, ಮಾರಿಷಸ್ ಮತ್ತು ಸೀಶೆಲ್ಸ್‌ನದ್ದು, 2012ರ ಒಪ್ಪಂದದಂತೆ ಎರಡೂ ಸೇರಿ ನೋಡಿಕೊಳ್ಳುತ್ತವೆ. ಮೇಲಿನ ನೀರಿನ ಬಹುಭಾಗ ಮುಕ್ತ ಸಾಗರ. ಹುಲ್ಲಿನ ಬೇರು ಎರಡು ದೇಶಗಳ ವ್ಯಾಪ್ತಿಯಲ್ಲಿ, ಅದರ ಮೇಲೆ ಈಜುವ ಮೀನು ಎಲ್ಲರ ವ್ಯಾಪ್ತಿಯಲ್ಲಿ. ಕಾಗದದ ಮೇಲೆ ಬೇರೆ ಮಾಡಬಹುದು, ಹುಲ್ಲಿಗೆ ಅದು ಗೊತ್ತಾಗಬೇಕಲ್ಲ!

## ಕಾವಲು ಯಾರು ಕಾಯುತ್ತಾರೆ?

ಇದು ಎಲ್ಲರೂ ಕೇಳುವ ಪ್ರಶ್ನೆ. ಕಡಲ ಪೊಲೀಸ್ ಪಡೆ ಯಾವುದೂ ಹುಟ್ಟಿಲ್ಲ. ಬಾವುಟದ ದೇಶವೇ ತನ್ನ ಹಡಗನ್ನು ನಿಯಮಕ್ಕೆ ಕಟ್ಟಿಹಾಕಬೇಕು. ತಪ್ಪಿದರೆ ಒಂದು ಸಮಿತಿ ಕೇಳುತ್ತದೆ, ಆದರೆ ದಂಡ ಹಾಕುವ ಸಮಿತಿ ಅಲ್ಲ. ತಿಳಿಹೇಳುವುದು, ನೆರವು ಕೊಡುವುದು ಅದರ ಕೆಲಸ. ದೇಶ ದೇಶಗಳ ನಡುವೆ ಜಗಳವಾದರೆ ಜರ್ಮನಿಯ ಹ್ಯಾಂಬರ್ಗ್‌ನಲ್ಲಿರುವ ಸಮುದ್ರ ಕಾನೂನಿನ ನ್ಯಾಯಮಂಡಳಿಯಂಥ ಕಡೆ ಹೋಗಬಹುದು. ಯುದ್ಧನೌಕೆಗಳಿಗೆ ಒಪ್ಪಂದ ತಟ್ಟುವುದೇ ಇಲ್ಲ.

ಹಾಗಾದರೆ ಸುಮ್ನೆ ಕಾಗದವಾ? ಪೂರ್ತಿ ಹಾಗೂ ಅಲ್ಲ. ದೊಡ್ಡ ಹಡಗುಗಳು ತಾವು ಎಲ್ಲಿದ್ದೇವೆ ಎಂದು ರೇಡಿಯೋ ಸಂಕೇತ ಕಳಿಸುತ್ತಲೇ ಇರಬೇಕು, ಉಪಗ್ರಹಗಳು ಅದನ್ನು ಹಿಡಿಯುತ್ತವೆ. ಸಂರಕ್ಷಿತ ಪ್ರದೇಶದ ಅಂಚಿಗೆ ಬಂದಾಗ ಸಂಕೇತ ಆರಿಸುವ ಹಡಗು ಅಲ್ಲೇ ಅನುಮಾನಕ್ಕೆ ಸಿಕ್ಕಿಬೀಳುತ್ತದೆ. ಅದು ಒಂದಲ್ಲ ಒಂದು ದಿನ ಮೀನು ಇಳಿಸಲು ಯಾವುದೋ ಬಂದರಿಗೆ ಬರಲೇಬೇಕು. ಬಂದರಿನ ದೇಶ ಇಳಿಸಲು ಬಿಡದಿದ್ದರೆ ಹಿಡಿದ ಮೀನು ಹಡಗಿನ ಹೊಟ್ಟೆಯಲ್ಲೇ ಕೊಳೆಯುತ್ತದೆ.

ಒಪ್ಪಂದದ ಇನ್ನೊಂದು ಭಾಗ ಪರಿಸರ ಪರಿಣಾಮದ ಅಧ್ಯಯನ. ಅಣೆಕಟ್ಟು, ಹೆದ್ದಾರಿ ಕಟ್ಟುವಾಗ ಇಲ್ಲಿ ಮಾಡುವಂಥದ್ದೇ. ಮುಕ್ತ ಸಾಗರದಲ್ಲಿ ಹೊಸ ಕೆಲಸದಿಂದ ಗಮನಿಸುವಷ್ಟು ಹಾನಿಯಾಗಬಹುದು ಎಂದಾದರೆ ಮೊದಲು ಅಧ್ಯಯನ ಮಾಡಿ ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು, ಉಳಿದವರ ಅಭಿಪ್ರಾಯ ಕೇಳಬೇಕು. ಕೊನೆಯ ತೀರ್ಮಾನ ಮಾತ್ರ ಆ ಕೆಲಸ ಮಾಡಿಸುವ ದೇಶದ ಕೈಯಲ್ಲೇ ಉಳಿದಿದೆ. ನನಗೆ ಒಪ್ಪಂದದ ಅತಿ ಸಡಿಲ ಗಂಟು ಇದೇ ಎನಿಸುತ್ತದೆ.

ಗಣಿಗಾರಿಕೆಯ ವಿಷಯದಲ್ಲಿ ಒಪ್ಪಂದ ಬಹಳ ಹುಷಾರಾಗಿ ನಡೆದಿದೆ. ಈಗಾಗಲೇ ಇರುವ ಸಂಸ್ಥೆಗಳ ಅಧಿಕಾರಕ್ಕೆ ಧಕ್ಕೆ ತರಬಾರದು ಎಂದು ಅದರಲ್ಲೇ ಬರೆದಿದೆ. ಅಂದರೆ ಸಾಗರತಳ ಅಗೆಯಬೇಕೇ ಬೇಡವೇ ಎನ್ನುವುದು ಕಿಂಗ್‌ಸ್ಟನ್‌ನಲ್ಲೇ ನಿರ್ಧಾರವಾಗಬೇಕು. 2025ರ ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಆ ಪ್ರಾಧಿಕಾರವನ್ನೂ ಬದಿಗಿಟ್ಟು ತಮ್ಮ ದೇಶದ ಕಾನೂನಿನಡಿಯೇ ಮುಕ್ತ ಸಾಗರದ ತಳಕ್ಕೆ ಪರವಾನಗಿ ಕೊಡುವ ಆದೇಶ ಹೊರಡಿಸಿದರು. ಅಮೆರಿಕ 1982ರ ಸಮುದ್ರ ಕಾನೂನನ್ನು ಒಪ್ಪಿದ ದೇಶವೇ ಅಲ್ಲ.

## ಭಾರತ ಎಲ್ಲಿ ನಿಂತಿದೆ?

2024ರ ಸೆಪ್ಟೆಂಬರ್ 25ರಂದು ವಿದೇಶಾಂಗ ಸಚಿವ ಎಸ್. ಜೈಶಂಕರ್ ನ್ಯೂಯಾರ್ಕ್‌ನಲ್ಲಿ ಸಹಿ ಹಾಕಿದರು. ಭೂವಿಜ್ಞಾನ ಸಚಿವಾಲಯಕ್ಕೆ ಇದರ ಹೊಣೆ. ಸಹಿ ಮತ್ತು ಅನುಮೋದನೆ ಬೇರೆ ಬೇರೆ ಎನ್ನುವುದನ್ನು ಇಲ್ಲಿ ನೆನಪಿಡಬೇಕು. ಸಹಿ ಎಂದರೆ ನಿಶ್ಚಿತಾರ್ಥ, ಅನುಮೋದನೆ ಎಂದರೆ ಮದುವೆ. ದೇಶವನ್ನು ಒಪ್ಪಂದಕ್ಕೆ ಕಟ್ಟುವುದು ಎರಡನೆಯದು. ಅದಕ್ಕೆ ದೇಶದೊಳಗಿನ ಕಾನೂನನ್ನೂ ಹೊಂದಿಸಿಕೊಳ್ಳಬೇಕು.

ಭಾರತದ ತಲೆಯ ಮೇಲೆ ಎರಡು ಟೋಪಿ ಇವೆ. ಒಂದು ಕಡೆ ನಮಗೆ ಜೀನ್ ಲಾಭದಲ್ಲಿ ಪಾಲು ಬೇಕು, ಆಳಸಮುದ್ರದ ತಂತ್ರಜ್ಞಾನ ಬೇಕು. ಆಮೆಗೆ ದಾರಿಯೂ ಬೇಕು. ಇನ್ನೊಂದು ಕಡೆ ಹಿಂದೂ ಮಹಾಸಾಗರದ ನಡುವೆ 75 ಸಾವಿರ ಚದರ ಕಿಲೋಮೀಟರ್ ಸಾಗರತಳದಲ್ಲಿ ಲೋಹದ ಗಂಟುಗಳನ್ನು ಹುಡುಕುವ ಗುತ್ತಿಗೆ ನಮ್ಮ ಹತ್ತಿರ ಇದೆ. 2016ರಲ್ಲಿ ಸಲ್ಫೈಡ್ ಅದಿರಿಗಾಗಿ ಇನ್ನೊಂದು ಗುತ್ತಿಗೆ, 2025ರ ಸೆಪ್ಟೆಂಬರ್‌ನಲ್ಲಿ ಕಾರ್ಲ್ಸ್‌ಬರ್ಗ್ ಎಂಬ ನೀರೊಳಗಿನ ಬೆಟ್ಟಸಾಲಿನಲ್ಲಿ ಮತ್ತೊಂದು. ತಲಾ 10 ಸಾವಿರ ಚದರ ಕಿಲೋಮೀಟರ್. ಸಲ್ಫೈಡ್ ಅದಿರು ಕೂಡುವುದು ಬಿಸಿನೀರಿನ ಬುಗ್ಗೆಗಳ ಬಾಯಲ್ಲೇ. ಕಬ್ಬಿಣ ತೊಟ್ಟ ಬಸವನಹುಳು ಇರುವುದೂ ಅಂಥ ಕಡೆಯೇ. ಮೂವರನ್ನು ಆರು ಕಿಲೋಮೀಟರ್ ಆಳಕ್ಕೆ ಒಯ್ಯುವ ಮತ್ಸ್ಯ 6000 ಜಲಾಂತರ್ಗಾಮಿ ವಾಹನವನ್ನು ಕಟ್ಟುತ್ತಿರುವುದು ಈ ಲೋಕವನ್ನು ನೋಡುವುದಕ್ಕೂ ಹೌದು, ಅಲ್ಲಿಯ ಅದಿರನ್ನು ಅಳೆಯುವುದಕ್ಕೂ ಹೌದು.

ಜಾರಿಗೆ ಬಂದ ಒಂದು ವರ್ಷದೊಳಗೆ, ಅಂದರೆ 2027ರ ಜನವರಿಯೊಳಗೆ, ಸದಸ್ಯ ದೇಶಗಳ ಮೊದಲ ಸಭೆ ಸೇರಬೇಕು. ಕಚೇರಿ ಯಾವ ಊರಲ್ಲಿ, ವಿಜ್ಞಾನಿಗಳ ಮಂಡಳಿಯಲ್ಲಿ ಯಾರು, ನಿಧಿಯ ಹಣ ಹೇಗೆ ಎನ್ನುವುದೆಲ್ಲ ಅಲ್ಲೇ ಪಕ್ಕಾ ಆಗಬೇಕು. ಆಮೇಲೆ ಸಂರಕ್ಷಿತ ಪ್ರದೇಶಗಳ ಸರದಿ. ಅನುಮೋದಿಸಿದ ದೇಶಗಳಿಗೆ ಒಂದೊಂದು ವೋಟು. ಬರೀ ಸಹಿ ಹಾಕಿದವರು ಸಭೆಯಲ್ಲಿ ಕೂತು ಕೇಳಬಹುದು, ಕೈ ಎತ್ತುವಂತಿಲ್ಲ.